ರಾಳ ಹಚ್ಚಿದ ಬೆಲ್ಟು

ಕೂಡ್ಲಿಗಿ ಬಸ್ಸಿನಿಂದಿಳಿದು ಗಿರಣಿಯ ಬಾಗಿಲಿಗೆ ಬಂದ ಮೈಲಾರೇಶನ ಮೂಗಿಗೆ ಮೊದಲು ಬಡಿದದ್ದು ವಾಸನೆ. ರಾಳ, ಔಡಲೆಣ್ಣೆ, ಅದರ ಮೇಲೆ ಕಾದ ಮೋಟಾರಿನ ಕಮಟು.

ಕೊಟ್ಟೂರಿನ ಈ ಗಿರಣಿ ಅವನ ಸೋದರಮಾವ ಪಾಲಾಕ್ಷಪ್ಪನದು. ಜೋಳ ಬೀಸುವುದು ನಿಂತ ಮೇಲೆ ಮೂಲೆಯ ಕೋಣೆಯಲ್ಲಿ ಮೈಲಾರೇಶ ಸಿಎನ್‌ಸಿ ಯಂತ್ರವೊಂದನ್ನು ಕೈಯಾರೆ ಕಟ್ಟಿದ್ದ. ಗುಜರಿಯ ಅಲ್ಯೂಮಿನಿಯಂ, ಪಾರ್ಸೆಲ್‌ನಲ್ಲಿ ತರಿಸಿದ ಮೋಟಾರು, ಒಳಮೈಗೆ ಹಲ್ಲಿರುವ ಬೆರಳಗಲದ ಬೆಲ್ಟು. ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ಅದು ಕಟ್ಟಿಗೆಯ ಮೇಲೆ ಕೆತ್ತಬೇಕು. ಬೆಳಿಗ್ಗೆ ನೂರು ಮಿಲಿಮೀಟರ್ ಹೋಗು ಅಂದರೆ ನೂರೇ ಹೋಗುತ್ತಿತ್ತು. ಬೆಲ್ಟು ಸುತ್ತುವ ಪುಲ್ಲಿಯ ತಿರುಪು ಮಾತ್ರ ಸವೆದಿತ್ತು. ಹೊಸದನ್ನು ತರಲು ಕೂಡ್ಲಿಗಿಗೆ ಹೋಗಿದ್ದ, ಅಷ್ಟೇ.

ಇಂದಿನದು ಮೊದಲ ಕೆಲಸ. ಹಗರಿಬೊಮ್ಮನಹಳ್ಳಿಯ ಸೋಮಶೇಖರ್ ತನ್ನ ಹೊಸ ಮನೆಯ ಬಾಗಿಲಿಗೆಂದು ಕೋಗಳಿಯ ಹಳೇ ಮನೆಯ ಸಾಗವಾನಿ ಹಲಗೆಯನ್ನು ಟೆಂಪೋದಲ್ಲಿ ತಂದಿದ್ದ. ನಡುವೆ ದುಂಡನೆ ಬಳೆ, ಅದರೊಳಗೆ ನಂದಿ ಕೆತ್ತಬೇಕು. ಅವನ ಅಜ್ಜನ ಕಾಲದ ಕಟ್ಟಿಗೆ. ಕೆಟ್ಟರೆ ಇನ್ನೊಂದು ಎಲ್ಲಿಂದಲೂ ಬಾರದು.

ಮೈಲಾರೇಶ ಯಂತ್ರದ ಉದ್ದಕ್ಕಿದ್ದ ಬೆಲ್ಟು ಮುಟ್ಟಿದ. ಬೆರಳು ಅಂಟಿತು. ಎಳೆದರೆ ಹೊಲಸು ಮೂಗಿನ ಸಿಂಬಳದಂತೆ ನೂಲು ನೂಲಾಗಿ ಬಂತು.

"ಮಾವ, ಏನು ಹಚ್ಚೀಯ ಇದಕ್ಕ?"

"ರಾಳ. ಜಾರಬಾರದಂತ ಹಚ್ಚೀನಿ. ಜಗ್ಗಿ ಬಿಗಿನೂ ಮಾಡೀನಿ. ಮೀಟಿ ನೋಡು, ಏಕತಾರಿ ಅಂದಂಗ ಅಂತೈತಿ!"

"ಇದು ಗಿರಣಿ ಬೆಲ್ಟಲ್ಲೋ ಮಾವ! ಹಲ್ಲಿಗೆ ಹಲ್ಲು ಕೂಡಬೇಕು. ರಾಳಕ್ಕ ಕಟಗಿ ಹೊಟ್ಟು ಮೆತ್ತಿ ಹಲ್ಲಿನ ಸಂದೇ ಮುಚ್ಚೈತಿ."

"ಲೇ, ನಾನು ಬೆಲ್ಟ್ ಏರ್ಸಾಕ ಹತ್ತಿದಾಗ ನಿಮ್ಮವ್ವಗ ಲಗ್ನ ಆಗಿದ್ದಿಲ್ಲ. ನನಗ ಕಲಿಸಾಕ ಬಂದ!"

ಚೀಲದ ಮೇಲೆ ಕೂತು ಚಾ ಕುಡಿಯುತ್ತಿದ್ದ ಸೋಮಶೇಖರ್ ಕಿಸಕ್ಕನೆ ನಕ್ಕ.

ಮೈಲಾರೇಶ ಹಲ್ಲು ಕಚ್ಚಿ ತಿರುಪು ಕೂಡಿಸಿದ. ಕೆತ್ತುವ ಉಳಿಯ ಜಾಗಕ್ಕೆ ಪೆನ್ನು ಕಟ್ಟಿ ಕಾಗದದ ಮೇಲೆ ಬಳೆ ಬರೆಸಿದ. ಮೋಟಾರು ಹೆರಿಗೆ ಬೇನೆಯವಳಂತೆ ನರಳಿತು. ಬೆಲ್ಟು ಟಕ್ ಟಕ್ ಎಂದು ಹಲ್ಲು ಹಾರಿಸಿತು. ಕಾಗದದ ಮೇಲೆ ಬಂದದ್ದು ಮೊಟ್ಟೆ.

"ಏನಪಾ, ನಮ್ಮ ಬಸವಣ್ಣ ತತ್ತಿ ಒಳಗ ಕುಂದ್ರತಾನೇನು?" ಎಂದ ಸೋಮಶೇಖರ್.

ಪಾಲಾಕ್ಷಪ್ಪನಿಗೆ ಗಿರಾಕಿಯ ಮುಂದೆ ಮಾನ ಹೋದಂತಾಯಿತು. "ಕಂಪ್ಯೂಟರ್‌ನಾಗ ನಂಬರ್ ತಿದ್ದಲೇ. ನಿನ್ನಿ ತಿದ್ದಿ ಸರಿ ಮಾಡಿದೆಲ್ಲ?"

ನಿನ್ನೆ ತಿದ್ದಿದ್ದು ಬೆಲ್ಟು ಸರಿಯಿದ್ದಾಗ. ಆದರೂ ತಿದ್ದಿದ. ಬಳೆ ದುಂಡಗೆ ಬಂತು. ಏನೂ ಮುಟ್ಟದೆ ಮತ್ತೊಮ್ಮೆ ಬರೆಸಿದ. ಈ ಸಲ ಅತ್ತ ಕಡೆ ಉಬ್ಬಿ ಕುಂಬಳಕಾಯಾಯಿತು. ಅವನು ಅಂದುಕೊಂಡದ್ದೇ ಆಯಿತು. ಹಲ್ಲು ಯಾವಾಗ ಹಾರುತ್ತದೋ ಯಾರಿಗೆ ಗೊತ್ತು? ಯಾವ ನಂಬರೂ ಅದನ್ನು ಹಿಡಿಯಲಾರದು.

ಪಾಲಾಕ್ಷಪ್ಪ ಕುಂಬಳಕಾಯಿಯ ಹಾಳೆ ಮುದುಡಿ ಎಸೆದ. ದುಂಡಗಿದ್ದ ಹಾಳೆಯನ್ನು ಎತ್ತಿ ಹಿಡಿದ. "ನೋಡ್ರಿ ಸೋಮಣ್ಣ, ಚಂದ್ರ ಬಂದಂಗ ಬಂದೈತಿ. ಹಾಕೂಣು ಹಲಗಿ."

"ಬ್ಯಾಡ್ರಿ ಅಣ್ಣ," ಮೈಲಾರೇಶ ಸೋಮಶೇಖರ್‌ಗೆ ಹೇಳಿದ. "ಹಲಗಿ ಹಾಳಾಕ್ಕತಿ. ಎರಡು ದಿನ ತಡೀರಿ, ಹೊಸ ಬೆಲ್ಟ್ ತರಿಸ್ತೀನಿ."

"ನಾಳಿ ಬಾಗ್ಲಾ ಕೂಡ್ಸಾಕ ಬಡಿಗ್ಯಾರು ಬರ್ತಾರಪ. ದುಂಡಗ ಬಂತಲ್ಲ, ಸಾಕು ಬಿಡು."

ದುಂಡಗೆ ಬಂತಂತೆ! ಒಬ್ಬನಿಗೆ ದೊಡ್ಡಸ್ತಿಕೆ, ಇನ್ನೊಬ್ಬನಿಗೆ ಅವಸರ. ಇಬ್ಬರ ಕಣ್ಣಿಗೂ ಒಂದೇ ಹಾಳೆ ಕಾಣುತ್ತಿತ್ತು. ಮೈಲಾರೇಶ ಯಂತ್ರದಿಂದ ಹಿಂದೆ ಸರಿದ.

"ನಾನು ಮಾಡಂಗಿಲ್ಲ."

"ಮಾಡದಿದ್ರ ನಿನ್ನ ತಗಡು ಹೊತ್ತುಕೊಂಡು ಕೋಣಿ ಖಾಲಿ ಮಾಡು!" ಎನ್ನುತ್ತ ಪಾಲಾಕ್ಷಪ್ಪ ತಾನೇ ಪೆನ್ನು ಕಿತ್ತು ಉಳಿ ಸಿಕ್ಕಿಸಿದ, ಹಲಗೆ ಬಿಗಿದ, ಗುಂಡಿ ಒತ್ತಿದ. ನೋಡಿ ನೋಡಿ ಅಷ್ಟು ಕಲಿತಿದ್ದ. ಉಳಿ ಕಿರ್ರನೆ ತಿರುಗುತ್ತ ಸಾಗವಾನಿಯತ್ತ ಇಳಿಯತೊಡಗಿತು.

ಮೈಲಾರೇಶ ಸ್ವಿಚ್ಚು ಆರಿಸಿದ. ಮಾವ ಮತ್ತೆ ಹಾಕಿದ. ಮತ್ತೆ ಆರಿಸಿ, ಚೀಲ ಕೊಯ್ಯುವ ಚಾಕು ತೆಗೆದು ಬೆಲ್ಟನ್ನು ಕಚಕ್ಕನೆ ಕತ್ತರಿಸಿದ. ಏಕತಾರಿ ಹರಿದು ಮಾವನ ಮುಂಗೈಗೆ ಬಡಿಯಿತು.

"ಹೊರಗ ನಡಿ!" ಪಾಲಾಕ್ಷಪ್ಪ ಅರಚಿದ. "ಸಂಜಿ ಒಳಗ ಇದೆಲ್ಲ ಎತ್ತು. ಮತ್ತ ನಿನ್ನ ಮಾರಿ ತೋರ್ಸಬ್ಯಾಡ."

ಹಾಳಾಗದೆ ಉಳಿದ ಹಲಗೆಯ ಒಡೆಯನಾದರೂ ಒಂದು ಮಾತಾಡಿಯಾನು ಎಂದು ಮೈಲಾರೇಶ ಆ ಕಡೆ ನೋಡಿದ. ಸೋಮಶೇಖರ್ ಪಂಚೆಯ ಹೊಟ್ಟು ಕೊಡವುತ್ತಿದ್ದ. "ಹುಚ್ಚರ ಕೈಯಾಗ ಕೆಲಸ ಕೊಟ್ಟು ದಿನ ಹಾಳಾತು. ದಾವಣಗೆರಿಗೇ ಒಯ್ಯಬೇಕಿತ್ತು," ಎಂದ. ಹಲಗೆ ಬಿಚ್ಚಿ ಒಬ್ಬನೇ ಎತ್ತಲು ನೋಡಿದ. ಆಗಲಿಲ್ಲ.

"ಏ, ಏನು ನೋಡ್ತಿ? ಆ ಕಡಿ ಹಿಡಿ."

ಥೂ ಎಂದು ಬಾಗಿಲಾಚೆ ಉಗುಳಿ ಬಂದ ಮೈಲಾರೇಶ, ಅಂಟು ಬೆರಳುಗಳು ಹಲಗೆಗೆ ತಾಗದಂತೆ ಮಡಚಿ, ಮುಂಗೈ ಮೇಲೆಯೇ ಹಲಗೆಯ ತುದಿ ಎತ್ತಿಕೊಂಡು ಟೆಂಪೋದ ಕಡೆ ನಡೆದ.