ನೀಲಿ ಮೇಷ್ಟ್ರ ಬಲಗಣ್ಣು

ಊಟ ಮುಗಿಸಿ, ಕಿಟಕಿಯ ಪರದೆ ಎಳೆದು ಕಂಪ್ಯೂಟರ್ ಮುಂದೆ ಬಂದ ನೀಲಿ ಮೇಷ್ಟ್ರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದ ಕಾಲದಲ್ಲಿ ಶಿಷ್ಯರು ಇಟ್ಟ ಹೆಸರು ನೀಲಿ ಮೇಷ್ಟ್ರು ಎಂಬುದು. ರಾತ್ರಿಯ ಬೀದಿಗಳನ್ನು ಅಷ್ಟು ನೀಲಿಯಾಗಿ, ಅಷ್ಟು ದುಗುಡ ತುಂಬಿ ತೋರಿಸುವವರು ಇನ್ನೊಬ್ಬರಿಲ್ಲ ಎಂಬ ಮಾತಿತ್ತು. ಆ ಚಿತ್ರಗಳದೇ ಒಂದು ಪುಸ್ತಕ ಈಗ ಅಚ್ಚಿಗೆ ಹೋಗಬೇಕು. ಒಳಗಿನವೆಲ್ಲ ಹಿಂದೆಯೇ ಮುಗಿದಿದ್ದವು. ಮುಖಪುಟದ್ದೊಂದು ಬಾಕಿ, ಅದನ್ನು ಇವತ್ತು ಸಂಜೆಯೊಳಗೆ ಕೊಡಬೇಕು. ನಾಳೆ ಬೆಳಿಗ್ಗೆ ಬಲಗಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೊರಡಬೇಕು. ಎಡಗಣ್ಣಿನದು ಹೋದ ತಿಂಗಳೇ ಆಗಿತ್ತು.

ಇವತ್ತು ಬೆಳಿಗ್ಗೆ ಮುಖಪುಟಕ್ಕೆಂದು ಒಂದು ಚಿತ್ರ ಮಾಡಿ ಕಳಿಸಿದ್ದರು. ಪ್ರಕಾಶಕ ಫೋನಿನಲ್ಲಿ ರಾಗ ಎಳೆದಿದ್ದ. "ಚೆನ್ನಾಗಿದೆ ಸರ್. ಆದ್ರೆ... ಯಾಕೋ ಸಪ್ಪೆ ಅನ್ಸುತ್ತೆ. ನಿಮ್ಮ ಆ ನೀಲಿ ಎಲ್ಲಿ?"

ಮೇಷ್ಟ್ರಿಗೆ ಮೈಯೆಲ್ಲ ಉರಿದಿತ್ತು. ಉರಿದು ಏನು ಮಾಡುವುದು, ಅವನ ಮಾತು ನಿಜವೇ.

ಚಿತ್ರದಲ್ಲಿ ಅವರ ಹೆಂಡತಿ ಶಾಲು ಹೊದ್ದು, ರಾತ್ರಿಯ ಬಸ್ ನಿಲ್ದಾಣದಲ್ಲಿ ಹಳದಿ ದೀಪದ ಕೆಳಗೆ ನಿಂತಿದ್ದಾರೆ. ಕ್ಯಾಮೆರಾದಿಂದ ಬಂದ, ಇನ್ನೂ ಬಣ್ಣ ತಿದ್ದದ ರಾ ಫೈಲನ್ನು ಮೇಷ್ಟ್ರು ಮತ್ತೆ ತೆರೆದರು. ಬೆಳಕು ಇಳಿಸಿದರು. ನೆರಳಿಗೆ ನೀಲಿ ತುಂಬಿದರು, ದೀಪಕ್ಕೆ ಕಿತ್ತಳೆ ಕೊಟ್ಟರು, ಹಸಿರನ್ನು ಹಿಂಡಿ ತೆಗೆದರು, ಕಡುಗಪ್ಪನ್ನು ತುಸು ಮೇಲೆತ್ತಿ ಮಂಜು ಕವಿದ ಹಾಗೆ ಮಾಡಿದರು. ಮಾಡುತ್ತಿದ್ದದ್ದೆಲ್ಲ ಎಂದಿನದೇ, ಬರುತ್ತಿದ್ದದ್ದು ಬೇರೆ. ಹಳೆಯ ಚಿತ್ರವೊಂದರ ಸೆಟ್ಟಿಂಗನ್ನೇ ತಂದು ಅಂಟಿಸಿದರೆ, ಆ ಬೀದಿಯ ದೀಪವೇ ಬೇರೆ, ಈ ನಿಲ್ದಾಣದ ದೀಪವೇ ಬೇರೆ. ಹೆಂಡತಿಯ ಮುಖ ಪಾಚಿಗಟ್ಟಿತು. ಸರಿ, ಕೈಯಿಂದಲೇ ಮಾಡೋಣವೆಂದು ನೀಲಿ ಹೆಚ್ಚಿಸುವ ಸ್ಲೈಡರ್ ಎಳೆದರೆ, ಅದು ಅರ್ಧ ದಾರಿ ಹೋಗುವಷ್ಟರಲ್ಲೇ ಸಾಕು, ಅತಿಯಾಯಿತು ಎಂದು ಕಣ್ಣು ತಡೆಯುತ್ತಿತ್ತು. ಇನ್ನೂ ವಿಚಿತ್ರವೆಂದರೆ, ಜನ ಮೆಚ್ಚಿದ ಹಳೆಯ ಚಿತ್ರಗಳೂ ಈಗ ಅತಿಯಾಗಿಯೇ ಕಾಣುತ್ತಿದ್ದವು. ಇವನ್ನೆಲ್ಲ ಮಾಡಿದ್ದು ನಾನೇನಾ ಎಂದು ಅನುಮಾನ ಬಂತು. ಕೈಗುಣವೇ ಹೋಯಿತೇನೋ ಎಂಬ ಭಯ ಹುಟ್ಟಿತು.

ಹೆಂಡತಿ ಕಣ್ಣಿನ ಔಷಧಿ ಹಿಡಿದು ಬಂದರು. "ತಲೆ ಎತ್ತಿ. ಅಲ್ಲಾಡ್ಬೇಡಿ."

"ಕೆಲ್ಸದ ಹೊತ್ತಲ್ಲಿ ಬಂದ್ಯಲ್ಲ..."

"ಕೆಲ್ಸ ಎಲ್ಲೂ ಓಡಿಹೋಗಲ್ಲ." ಎಡಗಣ್ಣಿಗೆ ಹನಿ ಬಿತ್ತು. "ಸ್ವಲ್ಪ ಹೊತ್ತು ಆ ಕಣ್ಣು ಮುಚ್ಕೊಂಡಿರಿ."

ಮುಚ್ಚಿಕೊಂಡು ಸುಮ್ಮನೆ ಕೂರುವ ಆಸಾಮಿಯೇ ಅಲ್ಲ ಅದು. ಬಲಗಣ್ಣಿನಿಂದ ಸ್ಕ್ರೀನ್ ನೋಡಿದರು. ಚಿತ್ರ ಹಳದಿ ಹಿಡಿದು ಕೂತಿತ್ತು. ಇದೇನಿದು, ನೀಲಿಯೇ ಇಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಕೈ ತಾನಾಗಿ ಮೌಸಿಗೆ ಹೋಯಿತು. ಎಳೆದರು, ಇನ್ನೂ ಎಳೆದರು, ಹಿತವೆನಿಸುವವರೆಗೆ ಎಳೆದರು. ಆಮೇಲೆ ಎಡಗಣ್ಣು ತೆರೆದರೆ ಎದುರಿಗೆ ಅದೇ ಹಳೆಯ ನೀಲಿ!

ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಅರ್ಥವಾಯಿತು. ಪೊರೆ ಬೆಳೆದು ಕಣ್ಣಿಗೆ ಕಂಡದ್ದೆಲ್ಲ ಹಳದಿಯಾಗುತ್ತ ಹೋದಂತೆ, ಅದನ್ನು ಸರಿದೂಗಿಸಲು ಅವರು ನೀಲಿ ಸುರಿಯುತ್ತ ಹೋಗಿದ್ದರು. ಜನ ಕೊಂಡಾಡಿದ್ದು ಅದನ್ನೇ. ನಾಚಿಕೆಯಿಂದ ಮೇಷ್ಟ್ರ ಕಿವಿ ಬಿಸಿಯಾಯಿತು.

"ನಾಳೆ ಆಪರೇಷನ್ ಬೇಡ," ಎಂದರು.

"ತಲೆ ನೆಟ್ಟಗಿದ್ಯಾ ನಿಮಗೆ?"

ಮೇಷ್ಟ್ರು ಎಲ್ಲ ಹೇಳಿದರು. "ಈ ಕಣ್ಣೂ ಸರಿಹೋದ್ರೆ ನಾನು ಯಾರೇ? ಎಲ್ಲರ ಹಾಗೆ ಫೋಟೋ ತೆಗೆಯೋ ಇನ್ನೊಬ್ಬ, ಅಷ್ಟೇ."

ಹೆಂಡತಿ ಸ್ಕ್ರೀನ್ ಕಡೆ ಬಗ್ಗಿದರು. "ನಾನು ಹೊದ್ದಿರೋ ಈ ಶಾಲು ಯಾವ ಬಣ್ಣ, ಹೇಳಿ?"

"ಕಂದು. ಈ ದೀಪದಲ್ಲಿ ಸರಿಯಾಗಿ ಕಾಣಲ್ಲ, ಆದ್ರೆ ಆವತ್ತೇ ಹೇಳಿದ್ನಲ್ಲ, ಯಾಕಿಷ್ಟು ಮಂಕು ಬಣ್ಣ ಅಂತ."

ಆಕೆ ಒಳಗೆ ಹೋಗಿ, ಬೀರುವಿನ ತಳದಿಂದ ಶಾಲು ತಂದು, ಕಿಟಕಿಯ ಪರದೆಯನ್ನು ಸರ್ರನೆ ಸರಿಸಿ, ಹೊದ್ದು ನಿಂತರು. ಮೇಲೆ ಬಿಸಿಲು ಬಿತ್ತು. ಬಲಗಣ್ಣಿಗೆ ಶಾಲು ಕಂದು. ಎಡಗಣ್ಣಿಗೆ ನೇರಳೆ, ಅಚ್ಚ ನೇರಳೆ.

"ಅಂಗಡಿ ಅಂಗಡಿ ಅಲೆದು ತಂದಿದ್ದೆ. ನೀವು ಮಂಕು ಅಂದ್ರಿ. ಮತ್ತೆ ಹೊದೀಲೇ ಇಲ್ಲ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಮೇಷ್ಟ್ರಿಗೆ ಹೆಚ್ಚು ಚುಚ್ಚಿದ್ದು ಅದೇ. "ಆವಾಗ ನಿಮಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ?"

ಮೇಷ್ಟ್ರು ಕಂಪ್ಯೂಟರಿನತ್ತ ತಿರುಗಿ, ನೀಲಿ ಚಿತ್ರವನ್ನು ಹಾಗೆಯೇ ಪ್ರಕಾಶಕನಿಗೆ ಕಳಿಸಿದರು. ಆ ಪುಸ್ತಕ ಹಳೆಯ ಕಣ್ಣಿನದು, ಅದರಲ್ಲೇ ಮುಗಿಯಲಿ ಅನ್ನಿಸಿತು. ಅವನ ಉತ್ತರ ತಡವಾಗಲಿಲ್ಲ. "ಇದು ನೋಡಿ ಸರ್! ನಿಮ್ಮನ್ನ ಬಿಟ್ಟು ಇನ್ಯಾರಿಗೂ ಮಾಡಕ್ಕಾಗಲ್ಲ ಇದನ್ನ." ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಫೋನ್ ಮಗುಚಿಟ್ಟು ಮತ್ತೆ ಹೆಂಡತಿಯ ಕಡೆ ನೋಡಿದರು. ಅಂಗೈಯನ್ನು ಒಮ್ಮೆ ಈ ಕಣ್ಣಿಗೆ ಅಡ್ಡ ಹಿಡಿದರು, ಒಮ್ಮೆ ಆ ಕಣ್ಣಿಗೆ. ಕಂದು, ನೇರಳೆ. ಕಂದು, ನೇರಳೆ.

"ಸಾಕು, ಏನು ಆಟ ಇದು!" ಎಂದು ಹೆಂಡತಿ ಶಾಲು ತೆಗೆಯಹೋದರು.

"ಇರ್ಲಿ, ತೆಗೀಬೇಡ," ಎಂದರು ಮೇಷ್ಟ್ರು. "ನಾಳೆ ಎಷ್ಟೊತ್ತಿಗೆ ಹೊರಡ್ಬೇಕು?"