ನವಿಲು ಬಣ್ಣದ ರಾಣಿ ರೂಪಾಯಿ

ನನ್ನ ಮಾವ ಮಾಲಿಂಗಪ್ಪನವರಿಗೆ ಇಪ್ಪತ್ಮೂರು ಮಕ್ಕಳು ಎಂದು ಕುಲಗೋಡದ ಜನ ಚೇಷ್ಟೆ ಮಾಡುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದವನು ನನ್ನ ಗಂಡ ಕರೆಪ್ಪ ಒಬ್ಬನೇ. ಉಳಿದ ಇಪ್ಪತ್ತೆರಡೂ ರಾಣಿ ಛಾಪಿನ ಬೆಳ್ಳಿ ರೂಪಾಯಿಗಳು.

ಹೊಸ ಪೈಸೆ ಬಂದು ಆಗ ಒಂದು ವರ್ಷವಾಗಿತ್ತು. ಊರವರೆಲ್ಲ ಹಳೆಯ ಬೆಳ್ಳಿ ಕರಗಿಸಿ ಕಡಗ ಮಾಡಿಸಿಕೊಳ್ಳುವ ಗದ್ದಲದಲ್ಲಿದ್ದರೆ, ಮಾವ ಗೋಕಾಕದ ಸಂತೆಗೆ ಕುರಿ ಹೊಡೆದುಕೊಂಡು ಹೋದಾಗಲೆಲ್ಲ ಅಕ್ಕಸಾಲಿಗ ಪತ್ತಾರರ ಅಂಗಡಿಯಲ್ಲಿ ಕುಳಿತುಬಿಡುತ್ತಿದ್ದರು. ಕರಗಿಸಲು ಬಂದ ರೂಪಾಯಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡುವರು. ಥಳಥಳ ಹೊಳೆಯುವುದು ಅವರಿಗೆ ಬೇಡ. ಎಷ್ಟೋ ವರ್ಷ ಯಾರದೋ ಗಂಟಿನಲ್ಲಿ ಮಲಗಿ ಬಣ್ಣ ತಿರುಗಿದ್ದು ಬೇಕು.

"ಬಿಳೀದು ಯಾವಾಗ ಬೇಕಾದ್ರೂ ಸಿಗತೈತಿ. ಬಣ್ಣ ಬರಾಕ ಒಂದ ಆಯುಷ್ಯ ಬೇಕ," ಎನ್ನುವರು.

ತಂದದ್ದನ್ನು ಕರಿ ಕುರಿಯ ತೊಳೆಯದ ಉಣ್ಣೆಯಲ್ಲಿ ಸುತ್ತಿ, ದೇವರ ಜಗಲಿಯ ಮೇಲೆ ಮೂರ್ತಿಯ ಪಕ್ಕದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇಡುವರು. ಸೋಮವಾರಕ್ಕೊಮ್ಮೆ ಅಂಗಳದಲ್ಲಿ ಕಂಬಳಿ ಹಾಸಿ ಎಲ್ಲವನ್ನೂ ಹರವಿ ಕೂಡುವರು. ಮಗನ ಕಡೆ ನೋಡಿ ನಗದ ಮನುಷ್ಯ ಆ ರೂಪಾಯಿಗಳನ್ನು ನೋಡಿ ನಗುತ್ತಿದ್ದರು. ಒಂದರ ಅಂಚು ಗುಲಾಬಿ, ಇನ್ನೊಂದು ಪೂರಾ ಜೇನುತುಪ್ಪದ ಬಣ್ಣ. ಎಲ್ಲಕ್ಕಿಂತ ಚೆಲುವಾದದ್ದರಲ್ಲಿ ರಾಣಿಯ ಕೆನ್ನೆ ನವಿಲಿನ ಕುತ್ತಿಗೆಯಂತೆ ನೀಲಿ, ತುರುಬಿನ ಸುತ್ತ ನೇರಳೆ. ನಾನು ಅಡುಗೆಮನೆಯ ಬಾಗಿಲಿನಿಂದಲೇ ಕದ್ದು ನೋಡುತ್ತಿದ್ದೆ. ಹತ್ತಿರ ಹೋಗುವಂತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಆ ಬಣ್ಣ ಮನೆದೇವರು ಮಾಳಿಂಗರಾಯ ಕೊಟ್ಟದ್ದೆಂದು ಮನೆಯವರ ನಂಬಿಕೆ. ಮನೆಗೆ ಬಂದ ಸೊಸೆ ಮದುವೆಯಾದ ಮೂರನೇ ಅಮಾವಾಸ್ಯೆಗೆ ಒಂದು ರೂಪಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಜಗಲಿಯ ಮುಂದೆ ಕೂಡಬೇಕು. ಮಾವ ಎಲೆ ಅಡಿಕೆ ಹಾಕಿ ಮುಗಿಸುವವರೆಗೂ ಮುಷ್ಟಿ ಬಿಚ್ಚಬಾರದು. ಬಣ್ಣ ಹಾಗೇ ಉಳಿದರೆ ಸೊಸೆ ಮನೆಯವಳು. ಕರ್ರಗಾದರೆ ದೇವರಿಗೆ ಬೇಡವಾದವಳು.

ಇದು ಬೆದರಿಸುವ ಮಾತಷ್ಟೇ ಅಂದುಕೊಳ್ಳಬೇಡಿ. ನನಗಿಂತ ಮೊದಲು ಕರೆಪ್ಪನಿಗೆ ಹತ್ತರಗಿಯ ಕೆಂಪವ್ವನನ್ನು ಕೊಟ್ಟಿದ್ದರು. ಅವಳ ಕೈಯಲ್ಲಿ ರೂಪಾಯಿ ಕರ್ರಗಾಯಿತು. ಮರುದಿನವೇ ತವರಿಗೆ ಕಳಿಸಿದರು. ಮೂರು ವರ್ಷ ಕಳೆದ ಮೇಲೆ ನಿಡಸೋಸಿಯಿಂದ ನನ್ನನ್ನು ತಂದರು. ನನ್ನ ತವರಿನಲ್ಲಿ ಮದುವೆಯ ವಯಸ್ಸಿಗೆ ಬಂದ ಇನ್ನೂ ಇಬ್ಬರು ತಂಗಿಯರಿದ್ದರು. ನಾನು ತಿರುಗಿ ಹೋದರೆ ಅವರನ್ನು ಯಾರು ಕೇಳಿಯಾರು? ಆ ಮೂರನೇ ಅಮಾವಾಸ್ಯೆಗೆ ಎಷ್ಟು ದಿನ ಉಳಿಯಿತೆಂದು ಬೆರಳು ಮಡಚಿ ಎಣಿಸುತ್ತಿದ್ದೆ.

ಅದರ ಹಿಂದಿನ ದಿನ ಕುರಿಗಳಿಗೆ ಕಜ್ಜಿ ಹತ್ತಿತ್ತು. ಅತ್ತೆ ಸಾತವ್ವ ಎಣ್ಣೆಯಲ್ಲಿ ಗಂಧಕ ಕಲಸಿ ನನ್ನ ಮುಂದಿಟ್ಟು, ಮಾವನ ಜೊತೆ ಮೂಡಲಗಿಗೆ ಹೋದರು. ಒಂದೊಂದು ಕುರಿಯನ್ನು ಹಿಡಿದು ಉಣ್ಣೆ ಸರಿಸಿ ಹಚ್ಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೈ ಒರೆಸಿಕೊಂಡು ಒಳಗೆ ಬಂದೆ. ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಪೆಟ್ಟಿಗೆ ಕಣ್ಣಿಗೆ ಬಿತ್ತು.

ನಾಳೆ ನನ್ನನ್ನು ಓಡಿಸಿದರೆ ಆ ನವಿಲು ಬಣ್ಣವನ್ನು ಹತ್ತಿರದಿಂದ ನೋಡುವ ಯೋಗವೂ ಇಲ್ಲವಲ್ಲ ಅನ್ನಿಸಿತು. ಇಂಥ ಹೊತ್ತಿನಲ್ಲಿ ಇಂಥ ಆಸೆ ಬರಬೇಕೆ? ನಾನು ಹುಟ್ಟಾ ಹುಚ್ಚಿ. ಉಣ್ಣೆ ಬಿಚ್ಚಿ, ಹಿತ್ತಲ ಬಾಗಿಲಲ್ಲಿ ಬಿಸಿಲಿಗೆ ಹಿಡಿದೆ. ಸ್ವಲ್ಪ ಹೊರಳಿಸಿದರೆ ನೀಲಿ ಹೋಗಿ ಹಸಿರು, ಇನ್ನೂ ಹೊರಳಿಸಿದರೆ ಕುಂಕುಮದ ಕೆಂಪು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೆಳಗಿಡುವಾಗ ನೋಡಿದೆ. ರಾಣಿಯ ಕೆನ್ನೆಯ ಮೇಲೆ ನನ್ನ ಹೆಬ್ಬೆರಳಿನಷ್ಟು ಅಗಲ ಕರಿ ಮಚ್ಚೆ.

ಸೆರಗಿನಿಂದ ಉಜ್ಜಿದೆ. ಹೋಗಲಿಲ್ಲ. ದೇವರು ನಾಳೆಯವರೆಗೂ ಕಾಯಲಿಲ್ಲ, ಇವತ್ತೇ ಹೇಳಿಬಿಟ್ಟ ಅಂದುಕೊಂಡೆ. ಹೇಗೋ ಸುತ್ತಿ ಒಳಗಿಟ್ಟು, ಒಲೆಯ ಮುಂದೆ ಕುಳಿತೆ.

ಸಂಜೆ ಪಾತ್ರೆ ತಿಕ್ಕುವಾಗ ಕೈಯ ಮೇಲೆ ಕಣ್ಣು ಬಿತ್ತು. ತವರಿನಲ್ಲಿ ಹಾಕಿದ ಬೆಳ್ಳಿ ಕಡಗ ಕರ್ರಗೆ ರೊಟ್ಟಿ ಹಂಚಿನಂತಾಗಿತ್ತು. ಅದು ಯಾವ ದೇವರ ಪೆಟ್ಟಿಗೆಯಲ್ಲೂ ಇದ್ದದ್ದಲ್ಲ. ಗಂಧಕದ ಎಣ್ಣೆ ಇಳಿದ ಕಡೆ ಮಾತ್ರ ಕರ್ರಗಾಗಿತ್ತು, ಮೇಲುಗಡೆ ಬಿಳಿ. ಅತ್ತೆ ಮೈಗೆ ಬೆಳ್ಳಿ ತಾಗಿಸಿದವರಲ್ಲ, ಅವರಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ನನಗೆ ಗೊತ್ತಾಯಿತು. ಆದರೆ ಗೊತ್ತಾದದ್ದನ್ನು ಹೇಳಬೇಕೆಂದರೆ, ಪೆಟ್ಟಿಗೆ ಮುಟ್ಟಿದ್ದನ್ನೂ ಹೇಳಬೇಕಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಮಾವ ಸ್ನಾನ ಮಾಡಿ ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು ಪೆಟ್ಟಿಗೆ ತೆಗೆದರು. ನವಿಲು ಬಣ್ಣದ್ದರ ಉಣ್ಣೆ ಬಿಚ್ಚಿದವರು ಕರಿ ಮಚ್ಚೆ ನೋಡಿ ಹಾಗೇ ಕುಳಿತುಬಿಟ್ಟರು. ನಾನು ಕಂಬಕ್ಕೆ ಒರಗಿ ನಿಂತೆ.

ಅತ್ತೆ ಇಣುಕಿ ನೋಡಿ ಎದೆ ಬಡಿದುಕೊಂಡರು. "ಇದು ಆ ಹತ್ತರಗಿಯಾಕೀದ ಕೆಲಸ ರಿ! ಮಾಟ ಮಾಡ್ಸ್ಯಾಳ. ನಮ್ಮ ಸೊಸಿ ಉದ್ದವ್ವ ಇನ್ನೂ ಕೈಯಾಗ ಹಿಡದಿಲ್ಲ, ಈಕಿದೇನ ತಪ್ಪೈತಿ, ಪಾಪ!"

ಮಾವ ತಲೆಯಾಡಿಸಿದರು. ನನ್ನ ಕೊರಳಿಗೆ ಬಂದ ಹಗ್ಗ ತಾನಾಗಿಯೇ ಬಿಚ್ಚಿಕೊಂಡಿತ್ತು. ಸುಮ್ಮನಿದ್ದರೆ ಸಾಕು, ನಾನು ಈ ಮನೆಯವಳು. ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ, ಸುಳ್ಳು ಯಾಕೆ ಹೇಳಲಿ. ಮೂರು ವರ್ಷದಿಂದ ಒಂದು ಕರಿ ಮಚ್ಚೆ ಹೊತ್ತು ಕುಳಿತವಳ ತಲೆಯ ಮೇಲೆ ಇನ್ನೊಂದು. ನೋಡದ ಆ ಹೆಣ್ಣಿನ ಮುಖ ನನ್ನ ಮುಖದ ಹಾಗೇ ಕಂಡಿತು.

"ಮಾವಾರ, ಅದನ್ನ ನಾ ಮುಟ್ಟೇನ್ರಿ," ಅಂದೆ. "ನಿನ್ನಿ, ಗಂಧಕದ ಕೈಲೆ. ಇಲ್ಲಿ ನೋಡ್ರಿ ನನ್ನ ಕಡಗ."

ಅತ್ತೆಯ ಕಡೆ ತಿರುಗಿ ಕೇಳಿದೆ, "ಕೆಂಪವ್ವ ಹಿಡದ ದಿನಾನೂ ಕುರಿಗೆ ಕಜ್ಜಿ ಇತ್ತೇನ್ರಿ?"

ಮೂಲೆಯಲ್ಲಿದ್ದ ಕರೆಪ್ಪ ಮೆಲ್ಲಗೆ ಹೇಳಿದ, "ಇತ್ತು. ಮುಂಜಾನಿಂದ ಆಕೀನ ಹಚ್ಚಿದ್ಲು."

ಮಾವ ಎದ್ದರು. ಹೊಡೆಯಲು ಬಂದರೆಂದು ಕಣ್ಣು ಮುಚ್ಚಿದೆ. ಅವರು ನನ್ನನ್ನು ದಾಟಿ ಹೋಗಿ ಗಂಧಕದ ಬಟ್ಟಲು ತಂದು ತಮ್ಮ ಅಂಗೈಗೆ ಬಳಿದುಕೊಂಡರು. ಪೆಟ್ಟಿಗೆಯಿಂದ ಗುಲಾಬಿ ಅಂಚಿನದನ್ನು ಆರಿಸಿದರು. ಹುಕ್ಕೇರಿಯ ಮುದುಕಿಯೊಬ್ಬಳಿಗೆ ಎರಡು ಕುರಿ ಕೊಟ್ಟು ತಂದದ್ದು ಅದು. ಅದನ್ನು ಮುಷ್ಟಿಯಲ್ಲಿ ಹಿಡಿದು ಜಗಲಿಯ ಮುಂದೆ ಕುಳಿತರು. ಅವತ್ತು ಎಲೆ ಅಡಿಕೆ ಹಾಕಲಿಲ್ಲ. ನಾವೆಲ್ಲ ಅವರ ಮುಷ್ಟಿಯನ್ನೇ ನೋಡುತ್ತ ನಿಂತೆವು.

ಬಿಚ್ಚಿದಾಗ ಗುಲಾಬಿ ಇರಲಿಲ್ಲ. ಮಸಿ ಮೆತ್ತಿದ ರಾಣಿ ಇದ್ದಳು.

"ನನ್ನ ಕೈಯಾಗೂ ಕರ್ರಗಾತು," ಅಂದರು ಮಾವ. ಅಷ್ಟು ವಯಸ್ಸಾದ ಮನುಷ್ಯ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. "ಒಂದ ಹೆಣಮಗಳ ಬಾಳೇವು ಕೆಡಿಸಿದ್ನೆಲ್ಲೋ ಕರೆಪ್ಪಾ. ನಾಳಿ ಹತ್ತರಗಿಗೆ ಹೋಗ. ಆಕಿ ಬರ್ತೇನಂದ್ರ ಕರಕೊಂಡ ಬಾ."

ಕರೆಪ್ಪ ತಲೆ ಎತ್ತಿದ. ಅವನ ಮುಖ ಅರಳಿತ್ತು. ಮೂರು ತಿಂಗಳ ಸಂಸಾರದಲ್ಲಿ ಆ ಮುಖವನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಇದರ ಮುಂದೆ ಅಮಾವಾಸ್ಯೆಯ ಭಯ ಭಯವೇ ಅಲ್ಲವೆಂದು ನನಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಅವನಿಗೆ ಬುತ್ತಿ ಕಟ್ಟಿದ್ದು ನಾನೇ. ತಿರುಗಿ ಬರುವಾಗ ಇಬ್ಬರಾದರೆ ಸಾಲಬೇಕಲ್ಲ ಎಂದು ನಾಲ್ಕು ರೊಟ್ಟಿ ಹೆಚ್ಚಿಗೆ ಇಟ್ಟೆ. ಕಟ್ಟಿದ ಗಂಟು ಮೂರು ಸಲ ಬಿಚ್ಚಿಹೋಯಿತು.