ಕೆನ್ನೆಗೆ ಬಿದ್ದ ಹನಿ

ನಮ್ಮ ಮನೆಯಲ್ಲಿ ಏನು ಕೆಟ್ಟರೂ ಅದು ಕೊನೆಗೆ ನನ್ನ ತಲೆಗೇ ಬರುತ್ತದೆ. ಹಾಲು ಒಡೆದರೆ ನಾನು ಪಾತ್ರೆ ಸರಿಯಾಗಿ ತೊಳೆದಿಲ್ಲ. ಟಿ.ವಿ. ನಿಂತರೆ ನಾನು ಯಾವುದೋ ಗುಂಡಿ ಒತ್ತಿದ್ದೇನೆ. ತೊಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ ಮೊಮ್ಮಗಳು ನಿಶ್ಚಿತಾಳ ಕಣ್ಣು ಅಂಟಿಕೊಂಡಾಗಲೂ ಅಷ್ಟೇ ಆಯಿತು.

ಎರಡು ವರ್ಷವೂ ತುಂಬದ ಕೂಸು. ಬೆಳಿಗ್ಗೆ ಎದ್ದರೆ ಎರಡೂ ರೆಪ್ಪೆ ಗೋಂದು ಹಚ್ಚಿದ ಹಾಗೆ ಕೂಡಿಕೊಂಡಿರುತ್ತಿದ್ದವು. ಹಳದಿ ಗೀಜು ಒಣಗಿ ರೆಪ್ಪೆಗೂದಲಿಗೆ ಕಚ್ಚಿರುತ್ತಿತ್ತು. ಕಣ್ಣು ಬಿಡಲಾಗದೆ ಗೋಡೆ ತಡವಿಕೊಂಡು ‘ಅಜ್ಜಿ, ಅಜ್ಜಿ’ ಎನ್ನುತ್ತಾ ಅಡುಗೆಮನೆಗೆ ಬರುತ್ತಿದ್ದಳು.

ಡಾಕ್ಟರು ಕಣ್ಣಿಗೆ ಬಿಡುವ ಹನಿ ಕೊಟ್ಟರು. ಎಚ್ಚರವಿರುವಷ್ಟು ಹೊತ್ತೂ ಬಿಟ್ಟುಬಿಟ್ಟು ಹಾಕಬೇಕು, ಅದಕ್ಕೆ ಮೊದಲು ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಕಾಡಿಗೆ ಹಚ್ಚುತ್ತೀರಾ ಎಂದು ಕೇಳಿದರು. ಹಚ್ಚುತ್ತೇನೆ ಎಂದೆ, ನನಗೇನು ಮುಚ್ಚುಮರೆ. ಗರಗದ ಸೊಪ್ಪಿನ ರಸದಲ್ಲಿ ಬಟ್ಟೆ ನೆನೆಸಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಹಿತ್ತಾಳೆ ತಟ್ಟೆಗೆ ಹಿಡಿದ ಮಸಿಯಿಂದ ನಾನೇ ಮಾಡಿದ ಕಾಡಿಗೆ ಅದು. ಒಂಟಿಕೊಪ್ಪಲಿನ ನಮ್ಮ ಬೀದಿಯ ಅರ್ಧ ಮಕ್ಕಳು ಅದನ್ನು ಹಚ್ಚಿಕೊಂಡೇ ಬೆಳೆದಿದ್ದಾರೆ. ಡಾಕ್ಟರು ಇನ್ನು ಮೇಲೆ ಕಣ್ಣಿಗೆ ಕಾಡಿಗೆಯೂ ಬೇಡ, ಬೆರಳೂ ಬೇಡ ಎಂದುಬಿಟ್ಟರು.

ಸೊಸೆ ಸುಷ್ಮಾಗೆ ಅಷ್ಟೇ ಸಾಕಾಯಿತು. ಮನೆಗೆ ಬಂದವಳೇ ಕಾನೂನು ಮಾಡಿದಳು. ಅತ್ತೆ ಮಗುವಿನ ಕಣ್ಣು ಮುಟ್ಟಬಾರದು. ಅವಳಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಗಲು ಪಾಳಿ, ಹಾಗಾಗಿ ಹಗಲಿನ ಹನಿಯೆಲ್ಲ ನನ್ನ ಮಗ ಮಹೇಶನ ಪಾಲಿಗೆ ಬಂತು. ಅವನು ಮದುವೆ ಮನೆಗಳಲ್ಲಿ ಫೋಟೋ ಹಿಡಿಯುವವನು, ಕೆಲಸವೆಲ್ಲ ಸಂಜೆಯ ಆರತಕ್ಷತೆ, ಇಲ್ಲವೇ ಬೆಳಗಿನ ಮುಹೂರ್ತ. ನಡುವೆ ಮನೆಯಲ್ಲೇ ಇರುತ್ತಿದ್ದ.

ನಾನು ಕಾಡಿಗೆ ಡಬ್ಬಿ ಎತ್ತಿಟ್ಟೆ. ದೃಷ್ಟಿಯಾಗದಿರಲಿ ಎಂದು ಸ್ನಾನವಾದ ಮೇಲೆ ಕೆನ್ನೆಗೆ ಒಂದು ಬೊಟ್ಟು ಇಡುತ್ತಿದ್ದೆ, ಅಷ್ಟೇ. ಅದಕ್ಕೆ ಸುಷ್ಮಾ ಒಪ್ಪಿದ್ದಳು.

ಮಹೇಶ ಔಷಧಿ ಶೀಶೆ ಹಿಡಿದು ಮಗುವನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ನಾನಿದ್ದರೆ ಅವಳು ನನ್ನ ಸೆರಗು ಹಿಡಿದು ರಂಪ ಮಾಡುತ್ತಾಳಂತೆ. ಒಳಗಿನಿಂದ ಒಂದು ಸಣ್ಣ ಅಳುವೂ ಕೇಳುತ್ತಿರಲಿಲ್ಲ. ಅದೇ ಸಂಜೆ ಸುಷ್ಮಾ ಹಾಕಲು ಹೋದರೆ ಬೀದಿಯ ಜನವೆಲ್ಲ ಬಾಗಿಲಿಗೆ ಬರುವಂತೆ ಅರಚುತ್ತಿದ್ದಳು. ಅಪ್ಪನ ಕೈಗುಣ ಚೆನ್ನಾಗಿದೆ ಎಂದು ಸುಷ್ಮಾ ಮೆಚ್ಚಿ ಮಾತಾಡಿದಳು. ಅವನು ಬೀಗಿದ.

ಕೈಗುಣವೇನೋ ಚೆನ್ನಾಗಿತ್ತು, ಕಣ್ಣು ಮಾತ್ರ ಬೆಳಗಾದರೆ ಮತ್ತೆ ಅಂಟಿಕೊಂಡಿರುತ್ತಿತ್ತು. ಸಾಲದ್ದಕ್ಕೆ ಸುಷ್ಮಾ ಕೆಲಸದಿಂದ ಬರುವಷ್ಟರಲ್ಲಿ ನಾನಿಟ್ಟ ಬೊಟ್ಟು ಕೆನ್ನೆಯಿಂದ ಹಿಡಿದು ಕಣ್ಣಿನವರೆಗೆ ಕಲಸಿಹೋಗಿರುತ್ತಿತ್ತು. ಮಗುವೇ ಉಜ್ಜಿಕೊಳ್ಳುತ್ತಾಳೆ ಎಂದು ಅವಳನ್ನೇ ಗದರಿದೆ, ಪಾಪ. ಸುಷ್ಮಾ ಆ ಕಪ್ಪು ನೋಡಿ ಮುಖ ಬಿಗಿದುಕೊಂಡಳು.

“ಅತ್ತೆ, ನೀವು ಕದ್ದು ಹಚ್ತಾ ಇದ್ದೀರ. ಭಾನುವಾರದೊಳಗೆ ಕಣ್ಣು ಸರಿಹೋಗ್ಲಿಲ್ಲ ಅಂದ್ರೆ ನಿಚ್ಚೂನ ಕೊಳ್ಳೇಗಾಲಕ್ಕೆ ನಮ್ಮಮ್ಮನ ಹತ್ರ ಬಿಟ್ಟು ಬರ್ತೀನಿ. ಅವಳು ಅಲ್ಲೇ ಇರ್ಲಿ.”

ನನಗೆ ನಖಶಿಖಾಂತ ಉರಿದುಹೋಯಿತು. ಕೊರಳಿನ ಲಿಂಗ ಮುಟ್ಟಿ ಹೇಳಿದೆ, ಕಣ್ಣಿಗೆ ಹಚ್ಚಿಲ್ಲ ಎಂದು. ನಮ್ಮಲ್ಲಿ ಲಿಂಗ ಮುಟ್ಟಿದ ಮೇಲೆ ಮಾತು ಮುಗಿಯಿತು. ಅವಳೂ ಅದೇ ಮತದ ಮನೆಯಿಂದ ಬಂದವಳು, ಗೊತ್ತಿಲ್ಲದ್ದೇನಲ್ಲ. ಆದರೂ ಎದ್ದು ಹೋಗಿ ಮಗುವಿನ ಲಂಗಗಳನ್ನು ಬ್ಯಾಗಿಗೆ ತುಂಬತೊಡಗಿದಳು. ನನ್ನ ಮಾತಿಗೆ ಈ ಮನೆಯಲ್ಲಿ ಕಿಲುಬು ಕಾಸಿನ ಬೆಲೆಯಿಲ್ಲ ಎಂದು ಅವತ್ತು ಗೊತ್ತಾಯಿತು. ಹುಟ್ಟಿದಾಗಿನಿಂದ ನನ್ನ ಪಕ್ಕದಲ್ಲಿ ಮಲಗುವ ಮಗುವನ್ನು ನನ್ನಿಂದಲೇ ಕಾಪಾಡಬೇಕಂತೆ.

ಮಾರನೆಯ ದಿನ ಮಹೇಶ ಕೋಣೆಯ ಬಾಗಿಲು ಹಾಕಿಕೊಂಡಾಗ ನಾನು ಹೊರಗೆ ಹುರುಳಿಕಾಯಿ ಸೋಸುತ್ತಾ ಕೂತಿದ್ದೆ. ಒಳಗೆ ಮಗು ಕಿಲಕಿಲ ನಗುತ್ತಿತ್ತು. ಉರಿಯುವ ಕಣ್ಣಿಗೆ ಔಷಧಿ ಬಿದ್ದರೆ ಯಾವ ಮಗು ನಗುತ್ತದೆ? ಹುರುಳಿಕಾಯಿ ಅಲ್ಲೇ ಬಿಟ್ಟು ಹೋಗಿ ಬಾಗಿಲು ತಳ್ಳಿದೆ.

ನನ್ನ ಮಗರಾಯ ಕಪ್ಪು ಕನ್ನಡಕ ಹಾಕಿಕೊಂಡು ಮಂಚದಿಂದ ಕೈ ಎಟುಕುವಷ್ಟು ದೂರ ನಿಂತಿದ್ದ. ಮುಖ ಗೋಡೆಯ ಕ್ಯಾಲೆಂಡರಿನ ಕಡೆಗೆ. ಕೈ ಮಾತ್ರ ಹಿಂದಕ್ಕೆ ಚಾಚಿ, ಅಂದಾಜಿನ ಮೇಲೆ ಶೀಶೆ ಹಿಂಡುತ್ತಿದ್ದ. ಮಂಚದ ಮೇಲೆ ನಿಂತ ಮಗು ಅವನ ಕೈಗೆ ಕೆನ್ನೆ ಒಡ್ಡಿತ್ತು. ಹನಿ ಸರಿಯಾಗಿ ನನ್ನ ಬೊಟ್ಟಿನ ಮೇಲೆ ಬಿತ್ತು. ಕಚಗುಳಿಯಾಗಿ ಮಗು ನಕ್ಕಿತು. ಇವನು ನೋಡದೆಯೇ ಕರವಸ್ತ್ರದಿಂದ ಕೆನ್ನೆಯಿಂದ ಕಣ್ಣಿನವರೆಗೆ ಬಳಿದು ಒರೆಸಿದ.

“ಏನೋ ಇದು, ಏನೋ ಮಾಡ್ತಾ ಇದ್ದೀಯ?” ಎಂದೆ.

“ಅವ್ವ, ಅದು ಮದ್ರಾಸ್ ಐ ಕಣವ್ವ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಬಂದ್ಬುಡುತ್ತೆ. ಇದು ಲಗ್ನದ ಕಾಲ, ಕೆಂಪು ಕಣ್ಣಿಟ್ಕೊಂಡು ಹೋದ್ರೆ ಮಂಟಪದೊಳಕ್ಕೆ ಯಾರು ಬಿಡ್ತಾರೆ ನನ್ನ?”

ಬಿ.ಕಾಂ. ಓದಿದ ಗಂಡಸು. ನೋಡಿದರೆ ಬರುವುದಾದರೆ ಅಡುಗೆಮನೆಯಲ್ಲಿ ದಿನವಿಡೀ ಅವಳ ಮುಖ ನೋಡುವ ನನಗೆ ಯಾಕೆ ಬಂದಿಲ್ಲ ಎಂದು ಕೇಳಿದೆ. ನಿನ್ನ ದೆಸೆಯಿಂದ ಅಲ್ಲಿ ಬ್ಯಾಗು ತಯಾರಾಗಿದೆಯಲ್ಲೋ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಕನ್ನಡಕ ತೆಗೆದು ತಲೆ ತಗ್ಗಿಸಿ, ಸುಷ್ಮಾಗೆ ಹೇಳಬೇಡ, ನನ್ನ ಮರ್ಯಾದೆ ಹೋಗುತ್ತದೆ, ನಾನೇ ಸಮಯ ನೋಡಿ ಹೇಳುತ್ತೇನೆ ಎಂದು ಗೋಗರೆದ. ಹೆತ್ತ ಕರುಳು, ಆಗಲಿ ಎಂದುಬಿಟ್ಟೆ. ಹಾಳಾದ ಕರುಳು.

ಅವತ್ತಿನಿಂದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡವಳು ನಾನು. ಕೈಗೆ ಸೋಪು ಹಾಕಿ ತೊಳೆದು, ಆರಿದ ನೀರಿನಲ್ಲಿ ಒಂದೊಂದು ಕಣ್ಣಿಗೂ ಬೇರೆ ಬೇರೆ ಹತ್ತಿ ಅದ್ದಿ ಗೀಜು ತೆಗೆದೆ. ಕಣ್ಣು ಬಿಡು ಎಂದು ಹಿಂಸೆ ಮಾಡಲಿಲ್ಲ. ಮಡಿಲಲ್ಲಿ ಅಂಗಾತ ಮಲಗಿಸಿ, ಕಣ್ಣು ಮುಚ್ಚು, ಬಾಯಿ ತೆಗಿ ಎಂದೆ. ಮೂಗಿನ ಕಡೆಯ ಮೂಲೆಗೆ ಹನಿ ಬಿಟ್ಟು, ಬಾಯಿಗೆ ಬೆಲ್ಲದ ಚೂರು ಹಾಕಿದರೆ ತಾನಾಗಿಯೇ ಕಣ್ಣು ಬಿಡುತ್ತಿದ್ದಳು. ಹನಿ ಒಳಕ್ಕೆ ಇಳಿಯುತ್ತಿತ್ತು. ಶನಿವಾರದ ಬೆಳಿಗ್ಗೆ ಮಗು ಗೋಡೆ ತಡವದೆ ಓಡಿ ಬಂದಳು.

ಭಾನುವಾರ ಎದುರುಮನೆಯ ಭಾನುಮತಿ ಮಗುವನ್ನು ವಿಚಾರಿಸಿಕೊಂಡು ಬಂದಳು. ಸುಷ್ಮಾ ಕಾಫಿ ಕೊಡುತ್ತಾ, ಅತ್ತೆ ಕಾಡಿಗೆ ಹಚ್ಚುವುದು ನಿಂತಿತು ನೋಡಿ, ಮಗು ಕಣ್ಣು ಬಿಟ್ಟಿತು ಎಂದಳು. ಭಾನುಮತಿಯ ಇಬ್ಬರು ಮಕ್ಕಳೂ ನನ್ನ ಕಾಡಿಗೆ ಹಚ್ಚಿಕೊಂಡು ಬೆಳೆದವರು. ಅವಳು ನನ್ನ ಮುಖ ನೋಡಲಿಲ್ಲ. ಮಹೇಶ ಕ್ಯಾಮೆರಾ ಒರೆಸುತ್ತಾ ಕೂತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಒರೆಸಿದ್ದನ್ನೇ ಮತ್ತೆ ಒರೆಸಿದ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಕಣ್ಣು ಸರಿಹೋದರೂ ಔಷಧಿ ಇನ್ನೂ ಕೆಲವು ದಿನ ನಿಲ್ಲಿಸಬಾರದು ಎಂದು ಡಾಕ್ಟರು ಹೇಳಿದ್ದರು. ಸುಷ್ಮಾ ಶೀಶೆ ತಂದು ಗಂಡನ ಕೈಗೆ ಕೊಟ್ಟಳು.

“ಆಂಟಿ, ನೋಡ್ತಾ ಇರಿ. ಇವರ ಹತ್ರ ಒಂಚೂರೂ ಅಳೋದಿಲ್ಲ.”

ಮಹೇಶ ಬೇರೆ ದಾರಿಯಿಲ್ಲದೆ ಎದ್ದು ಮಗುವಿನ ಮುಂದೆ ನಿಂತ. ಮಗು ಅವನ ಕೈಯ ಶೀಶೆ ನೋಡಿದಳು. ಮುಖ ಪಕ್ಕಕ್ಕೆ ತಿರುಗಿಸಿ, ಕೆನ್ನೆ ಮುಂದೆ ಚಾಚಿ, ಬೊಟ್ಟಿನ ಮೇಲೆ ಬೆರಳಿಟ್ಟು “ಇಲ್ಲಿ” ಎಂದಳು.

ಸುಷ್ಮಾ ಆ ಬೊಟ್ಟನ್ನೇ ನೋಡಿದಳು, ಆಮೇಲೆ ಗಂಡನನ್ನು. ಅವನು ಅವಳ ಕಣ್ಣು ತಪ್ಪಿಸಿ ಗೋಡೆಯ ಕಡೆ ತಿರುಗಿದ. ಹನಿ ಬೀಳಲಿಲ್ಲವಲ್ಲ ಎಂದು ಬೇಜಾರಾದ ಮಗು ನನ್ನ ಹತ್ತಿರ ಬಂದು, ಮಡಿಲಲ್ಲಿ ಅಂಗಾತ ಮಲಗಿ, ಕಣ್ಣು ಮುಚ್ಚಿ ಬಾಯಿ ತೆರೆದಳು.

ಸುಷ್ಮಾ ಗಂಡನ ಕೈಯಿಂದ ಶೀಶೆ ತೆಗೆದುಕೊಂಡು ನನ್ನ ಕೈಗಿಟ್ಟಳು. “ನೀವು ಲಿಂಗ ಮುಟ್ಟಿ ಹೇಳಿದ್ರಿ, ಅತ್ತೆ” ಎಂದಳು.

ಹೌದು ಕಣಮ್ಮ, ಹೇಳಿದ್ದೆ ಎಂದೆ. ಕೈ ತೊಳೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಬೆಲ್ಲ ತಂದಿಡು ಎಂದೆ. ಸಿಟ್ಟು ಇಳಿದಿರಲಿಲ್ಲ. ಆದರೆ ಅವಳು ಬೆಲ್ಲಕ್ಕೆ ಮೊದಲು ಕೋಣೆಗೆ ಹೋಗಿ, ಬ್ಯಾಗಿನಿಂದ ಮಗುವಿನ ಲಂಗಗಳನ್ನು ತೆಗೆದು ಮತ್ತೆ ಬೀರುವಿನಲ್ಲಿ ಜೋಡಿಸಿಟ್ಟಳು.